ಚಳಿಗಾಲದ ಗಾಲ್ಫ್: ಬೆಳಗಿನ ಆಟದಲ್ಲೇ ನನ್ನ ಹೊಡೆತಗಳು ಏಕೆ ಹೆಚ್ಚಾಗುತ್ತಿವೆ?

ಗಾಜನೂರಿನ ಆಟಗಾರ್ತಿ:

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತಾರು ವರ್ಷ. ಗಾಜನೂರು ಅಣೆಕಟ್ಟೆಯ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ಮೂರು ವರ್ಷಗಳ ಹಿಂದೆ ಮಗಳನ್ನು ಬೇಸಿಗೆ ಶಿಬಿರಕ್ಕೆ ಬಿಡಲು ಹೋದಾಗ, ಅಲ್ಲಿದ್ದ ತರಬೇತುದಾರರು ನನ್ನ ಕೈಗೂ ಒಂದು ಕ್ಲಬ್ ಕೊಟ್ಟು ಹೊಡೆಯಲು ಹೇಳಿದರು. ಮಗಳು ಆ ಬೇಸಿಗೆಗೇ ಆಟ ಬಿಟ್ಟಳು, ನಾನು ಮುಂದುವರಿಸಿದೆ. ಶಾಲೆಯಲ್ಲಿ ಥ್ರೋಬಾಲ್ ಆಡಿದ್ದನ್ನು ಬಿಟ್ಟರೆ ಬೇರೆ ಆಟದ ಅಭ್ಯಾಸ ನನಗಿರಲಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಆಟ ನಿಂತೇ ಹೋಗುತ್ತದೆ ಎನ್ನಬಹುದು. ಹಾಗಾಗಿ ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳೇ ನನ್ನ ವರ್ಷದ ಆಟ. ತೊಂದರೆ ಏನೆಂದರೆ ಅಡಿಕೆ ಕೊಯ್ಲೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಅಡಿಕೆ ಗೊನೆ ಇಳಿಸುವವರು ಬಂದ ದಿನ ಮಧ್ಯಾಹ್ನದಿಂದ ನಾನು ಅಂಗಳ ಬಿಟ್ಟು ಕದಲುವಂತಿಲ್ಲ. ಸುಲಿಯುವ ಯಂತ್ರ ಬಂದಿದ್ದರೂ ಬೇಯಿಸುವುದು, ಹರವುವುದು, ಬಿಸಿಲು ನೋಡಿಕೊಂಡು ತಿರುವುವುದು ಎಲ್ಲವೂ ಮನೆಯವರ ಮೇಲೆಯೇ ಇದೆ. ಆದ್ದರಿಂದ ಹೆಚ್ಚಿನ ದಿನ ಬೆಳಗಿನ ಆರೂಮುಕ್ಕಾಲಕ್ಕೇ ಮೊದಲ ಟೀ (ಆಟ ಶುರುಮಾಡುವ ಜಾಗ) ಮೇಲೆ ನಿಲ್ಲುತ್ತೇನೆ. ತುಂಗೆಯ ಕಡೆಯಿಂದ ಬರುವ ಮಂಜಿನಲ್ಲಿ ಕೆಲವು ದಿನ ಫೇರ್‌ವೇಯ, ಅಂದರೆ ಗ್ರೀನ್ ಕಡೆಗಿನ ಕತ್ತರಿಸಿದ ಹುಲ್ಲಿನ ದಾರಿಯ, ತುದಿಯೇ ಕಾಣುವುದಿಲ್ಲ.

ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್, ಅಂದರೆ ಆಟದ ಮಟ್ಟ ಹೇಳುವ ಅಂಕ (ಕಡಿಮೆಯಾದಷ್ಟೂ ಒಳ್ಳೆಯದು), ಈಗ 29.8. ಶಿವರಾತ್ರಿಯೊಳಗೆ ಅದನ್ನು 25ಕ್ಕೆ ಇಳಿಸಬೇಕೆಂಬುದು ನನ್ನ ಆಸೆ. ಈ ಚಳಿಗಾಲದಲ್ಲಿ ಹದಿನೆಂಟು ಹೋಲ್‌ಗಳ ಆರು ಸುತ್ತು ಆಡಿದ್ದೇನೆ, ಪ್ರತಿ ಸುತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಒಟ್ಟು ಹೊಡೆತ ಕ್ರಮವಾಗಿ 103, 107, 105, 109, 101, 106. ಅವುಗಳಲ್ಲಿ ಪಟ್‌ಗಳು (ರಂಧ್ರದ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತಗಳು) 37, 40, 39, 41, 36, 38. ದಂಡದ ಹೊಡೆತ ಸುತ್ತಿಗೆ ಸರಾಸರಿ ಎರಡು. ಪಟ್ ಬಿಟ್ಟು, ಗ್ರೀನ್‌ನಿಂದ ಐವತ್ತು ಗಜದೊಳಗೆ ಆಡಿದ ಹೊಡೆತಗಳು ಸುಮಾರು 24. ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಚೆಂಡು 150 ಗಜ ಹೋಗುತ್ತದೆ, ಮಧ್ಯಮ ದೂರದ ಏಳನೇ ಐರನ್‌ನಲ್ಲಿ 95. ಮೊದಲನೆಯ ಮತ್ತು ಐದನೆಯ ಸುತ್ತು ಮಾತ್ರ ಕೊಯ್ಲಿಲ್ಲದ ಭಾನುವಾರ ಮಧ್ಯಾಹ್ನ ಆಡಿದವು, ಉಳಿದವೆಲ್ಲ ಬೆಳಗಿನವು.

ಒಂದು ಹೋಲ್‌ನ ಕಥೆ ಹೇಳಿದರೆ ನನ್ನ ಆಟ ನಿಮಗೆ ತಿಳಿಯಬಹುದು. ನಾಲ್ಕನೆಯ ಹೋಲ್, ಪಾರ್ ನಾಲ್ಕು, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಯಬೇಕಾದದ್ದು. ಎರಡು ಹೊಡೆತಕ್ಕೆ ಗ್ರೀನ್‌ನಿಂದ ನಲವತ್ತು ಗಜ ದೂರಕ್ಕೆ ಬಂದಿದ್ದೆ. ಹತ್ತಿರದ ಹೊಡೆತದ ಕ್ಲಬ್ಬಾದ ವೆಡ್ಜ್ ಚೆಂಡಿಗಿಂತ ಮೊದಲು ಒದ್ದೆ ನೆಲಕ್ಕೆ ಬಿತ್ತು, ಕೈಯಗಲದ ಹುಲ್ಲಿನ ಹೆಂಟೆ ಎದ್ದು ಬಂತು, ಚೆಂಡು ಮಾತ್ರ ಹದಿನೈದು ಗಜ ಹೋಗಿ ನಿಂತಿತು. ಮುಂದಿನ ಹೊಡೆತಕ್ಕೆ ಗ್ರೀನ್ ಸೇರಿದೆ. ಅಲ್ಲಿಂದ ಪಟ್ ಮಾಡಿದರೆ ಎಂಟು ಅಡಿ ಹಿಂದೆಯೇ ಉಳಿಯಿತು, ಮತ್ತೆ ಮಾಡಿದರೆ ಮೂರು ಅಡಿ ಮುಂದೆ ಹೋಯಿತು, ಮೂರನೆಯ ಪಟ್‌ಗೆ ರಂಧ್ರ ಸೇರಿತು. ಏಳು ಹೊಡೆತ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೊಸ ಡ್ರೈವರ್ ಕೊಂಡರೆ ಇಪ್ಪತ್ತು ಗಜ ಹೆಚ್ಚು ಹೋಗುತ್ತದೆ ಎಂದರು. ಈ ವರ್ಷದ ಅಡಿಕೆ ಹಣದಲ್ಲಿ ನನ್ನ ಪಾಲಿಗೆಂದು ಇಟ್ಟುಕೊಂಡಿರುವುದು ಸ್ವಲ್ಪವೇ. ಅದನ್ನು ಡ್ರೈವರ್‌ಗೆ ಹಾಕಲೇ, ನಾಲ್ಕು ಪಾಠಗಳಿಗೆ ಹಾಕಲೇ, ಅಥವಾ ಸುಮ್ಮನೆ ಗ್ರೀನ್ ಬಳಿಯ ಅಭ್ಯಾಸ ಹೆಚ್ಚಿಸಲೇ? ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಸಮಯ ನನಗೆ ಸಿಗುವುದಿಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡು ದಯವಿಟ್ಟು ತಿಳಿಸಿ.

ಮೂಡಿಗೆರೆ ಕಾಫಿತೋಟ:

ತಂಗೀ, ಮೊದಲಿಗೆ ನೋಟ್‌ಬುಕ್ ಇಟ್ಟಿದ್ದಕ್ಕೆ ನಿನಗೆ ನನ್ನ ಮೆಚ್ಚುಗೆ. ನಾನು ಮೂವತ್ತು ವರ್ಷದಿಂದ ಆಡುತ್ತಿದ್ದೇನೆ, ಇಷ್ಟು ನೇರವಾಗಿ ತನ್ನ ಲೆಕ್ಕ ಮುಂದಿಟ್ಟು ಕೇಳಿದವರು ಕಡಿಮೆ. ನಮ್ಮಲ್ಲೂ ಕಾಫಿ ಹಣ್ಣಿನ ಕೊಯ್ಲು ಇದೇ ಹೊತ್ತಿಗೆ ಬರುವುದರಿಂದ ನಿನ್ನ ಇಕ್ಕಟ್ಟು ನನಗೆ ಚೆನ್ನಾಗಿ ಗೊತ್ತು.

ನಿನ್ನ ಪ್ರಶ್ನೆಗೆ ಉತ್ತರ ನಿನ್ನ ನೋಟ್‌ಬುಕ್ಕಿನಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಎರಡು ಮಧ್ಯಾಹ್ನದ ಸುತ್ತುಗಳ ಸರಾಸರಿ 102. ನಾಲ್ಕು ಬೆಳಗಿನ ಸುತ್ತುಗಳ ಸರಾಸರಿ 106.75. ಪಟ್‌ಗಳನ್ನು ಹಾಗೆಯೇ ಬೇರೆ ಮಾಡಿ ನೋಡು: ಮಧ್ಯಾಹ್ನ 36.5, ಬೆಳಿಗ್ಗೆ 39.5. ಅಂದರೆ ಹೆಚ್ಚುಕಡಿಮೆ ಐದು ಹೊಡೆತದ ವ್ಯತ್ಯಾಸದಲ್ಲಿ ಮೂರು ಗ್ರೀನ್ ಮೇಲೆಯೇ ಆಗಿದೆ. ಆರು ಸುತ್ತುಗಳಿಂದ ಖಚಿತವಾಗಿ ಹೇಳಲಾಗದು, ನಿಜ. ಆದರೆ ಚಳಿಗಾಲದ ಬೆಳಗಿನ ಆಟ ಆಡಿದವರೆಲ್ಲರ ಅನುಭವವೂ ಇದನ್ನೇ ಹೇಳುತ್ತದೆ. ಡ್ರೈವರ್ ಬೆಳಿಗ್ಗೆಯೂ ಅದೇ, ಮಧ್ಯಾಹ್ನವೂ ಅದೇ. ಬದಲಾಗುತ್ತಿರುವುದು ಇಬ್ಬನಿ.

ಇಬ್ಬನಿ ಬಿದ್ದ ಗ್ರೀನ್ ಮೇಲೆ ಚೆಂಡು ನೀರನ್ನು ಸುತ್ತಿಕೊಂಡು ಉರುಳುವುದರಿಂದ ಬೇಗ ನಿಲ್ಲುತ್ತದೆ. ಅದಕ್ಕೆ ನೀನು ಮೊದಲ ಹೋಲ್‌ಗಳಲ್ಲಿ ಹಿಂದೆ ಉಳಿಯುತ್ತೀಯ. ಆಮೇಲೆ ಜೋರಾಗಿ ಹೊಡೆಯಲು ಕೈ ಕಲಿಯುತ್ತದೆ. ಅಷ್ಟರಲ್ಲಿ ಬಿಸಿಲು ಬಂದು ಒಂಬತ್ತು ಗಂಟೆಯ ಹೊತ್ತಿಗೆ ಗ್ರೀನ್ ಒಣಗುತ್ತದೆ, ಕೈ ಮಾತ್ರ ಹಳೆಯ ಜೋರಿನಲ್ಲೇ ಇರುತ್ತದೆ, ಚೆಂಡು ಮುಂದೆ ಓಡುತ್ತದೆ. ಒಂದೇ ಸುತ್ತಿನಲ್ಲಿ ಎರಡು ಬೇರೆ ಬೇರೆ ಗ್ರೀನ್ ಆಡಿದಂತೆ. ಕೆಲವು ಕ್ಲಬ್ಬುಗಳಲ್ಲಿ ಮಾಲಿ ಉದ್ದನೆಯ ಬಿದಿರು ಕೋಲು ಬೀಸಿ ಇಬ್ಬನಿ ಕೊಡವುತ್ತಾನೆ. ಆ ಹೊತ್ತಿಗೆ ಅವನು ಎಷ್ಟನೆಯ ಹೋಲ್‌ವರೆಗೆ ಬಂದಿದ್ದಾನೆ ಎಂದು ಮೊದಲ ಟೀ ಮೇಲೆಯೇ ಕೇಳಿ ತಿಳಿದುಕೋ. ಕೊಡವಿದ ಗ್ರೀನ್ ಮತ್ತು ಕೊಡವದ ಗ್ರೀನ್ ಒಂದೇ ವೇಗದವಲ್ಲ.

ಇಬ್ಬನಿ ಒಳ್ಳೆಯ ಗುರುವೂ ಹೌದು, ಇದನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಇಪ್ಪತ್ತು ನಿಮಿಷ ಮೊದಲು ಹೋಗಿ, ಯಾರೂ ತುಳಿಯದ ಅಭ್ಯಾಸದ ಗ್ರೀನ್ ಮೇಲೆ ಮೂವತ್ತು ಅಡಿಯ ಒಂದು ಪಟ್ ಮಾಡು. ಚೆಂಡು ಹೋದ ದಾರಿ ಬೂದಿಯ ಮೇಲೆ ಬೆರಳೆಳೆದಂತೆ ಉಳಿಯುತ್ತದೆ. ಎಲ್ಲಿ ತಿರುಗಿತು, ಎಲ್ಲಿ ವೇಗ ಕಳೆದುಕೊಂಡಿತು, ಎಲ್ಲವೂ ಕಣ್ಣ ಮುಂದೆ ಇರುತ್ತದೆ. ಪಕ್ಕಕ್ಕೆ ಹೋಗಿ ಕುಳಿತು ಆ ಗೆರೆಯ ಮೊದಲ ಒಂದು ಗಜವನ್ನು ಚೆನ್ನಾಗಿ ನೋಡು. ಗೆರೆ ಒಂದೇ ಸಮನೆ ಇದ್ದರೆ ಚೆಂಡು ಉರುಳಿದೆ. ಚುಕ್ಕೆ ಚುಕ್ಕೆಯಾಗಿದ್ದರೆ ಚೆಂಡು ಪುಟಿದಿದೆ, ಅಂದರೆ ಪಟರ್ ಅನ್ನು ನೀನು ಮೇಲಿನಿಂದ ಕೆಳಗೆ ಕುಟ್ಟುತ್ತಿದ್ದೀಯ. ಪುಟಿಯುವ ಚೆಂಡಿನ ದೂರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇದನ್ನು ನೋಡಿ ನನಗೆ ತಿಳಿಸು. ಡ್ರೈವರ್ ಸದ್ಯಕ್ಕೆ ಬೇಡ.

ನಿಯಮಗಳ ಓದುಗ, ಶಿವಮೊಗ್ಗ:

ಮೇಲಿನ ಅಕ್ಕನವರು ಹೇಳಿದ್ದನ್ನು ಒಪ್ಪುತ್ತಾ, ಗುರಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಇಡುತ್ತೇನೆ, ಏಕೆಂದರೆ 29.8ರಿಂದ 25ಕ್ಕೆ ಎಂಬುದು ಐದು ಹೊಡೆತದ ಮಾತಿನಂತೆ ಕಂಡರೂ ವಾಸ್ತವದಲ್ಲಿ ಅದಕ್ಕಿಂತ ದೊಡ್ಡದು.

2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಒಂದು ಸುತ್ತಿನ ಅಂಕವೆಂದರೆ, ನಿಮ್ಮ ಹೊಡೆತಗಳಿಂದ ಕೋರ್ಸ್ ರೇಟಿಂಗ್ (ನುರಿತವರಿಗೆ ಅಲ್ಲಿ ಬೇಕಾಗುವ ಹೊಡೆತ) ಕಳೆದು, ಬಂದದ್ದನ್ನು 113ರಿಂದ ಗುಣಿಸಿ, ಸ್ಲೋಪ್ ರೇಟಿಂಗ್‌ನಿಂದ (ಸಾಮಾನ್ಯ ಆಟಗಾರರಿಗೆ ಅದು ಎಷ್ಟು ಕಠಿಣ ಎಂಬ ಅಂಕಿ) ಭಾಗಿಸಿದ್ದು. ಉದಾಹರಣೆಗೆ ಮಹಿಳೆಯರ ಟೀಯಿಂದ ರೇಟಿಂಗ್ 71.6, ಸ್ಲೋಪ್ 122 ಇರುವ ಗಾಲ್ಫ್ ಅಂಗಳ ಎಂದಿಟ್ಟುಕೊಳ್ಳೋಣ. ನಿಮ್ಮ ಕಾರ್ಡಿನಲ್ಲಿ ಬೇರೆ ಅಂಕಿಗಳಿದ್ದರೆ ಅವನ್ನು ಹಾಕಿಕೊಳ್ಳಿ. ಅಲ್ಲಿ 101 ಹೊಡೆದರೆ 27.2 ಬರುತ್ತದೆ, 106 ಹೊಡೆದರೆ 31.9. ಇಂಡೆಕ್ಸ್ 25 ಆಗಬೇಕಾದರೆ ಅತ್ಯುತ್ತಮ ಎಂಟು ಸುತ್ತುಗಳ ಸರಾಸರಿ 98 ಅಥವಾ 99 ಇರಬೇಕು. ಈ ಋತುವಿನಲ್ಲಿ ನೀವು ಒಮ್ಮೆಯೂ ನೂರರ ಕೆಳಗೆ ಬಂದಿಲ್ಲ. 27ಕ್ಕೆ ಗುರಿಯಿಟ್ಟರೆ ಸರಾಸರಿ 101ರ ಒಳಗೆ ಇದ್ದರೆ ಸಾಕು, ಅದನ್ನು ನೀವು ಒಮ್ಮೆ ಮುಟ್ಟಿಯೂ ಆಗಿದೆ. ಆಸೆಯನ್ನು ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಎರಡು ಚಳಿಗಾಲಕ್ಕೆ ಹಂಚಿಕೊಳ್ಳಿ ಎನ್ನುತ್ತೇನೆ.

ಇನ್ನೊಂದು ಉಪಯೋಗದ ವಿಷಯವಿದೆ. ಒಂಬತ್ತು ಹೋಲ್‌ಗಳ ಆಟವನ್ನೂ ದಾಖಲಿಸಬಹುದು. 2024ರ ತಿದ್ದುಪಡಿಯ ನಂತರ ಉಳಿದ ಒಂಬತ್ತಕ್ಕೆ ನಿಮ್ಮ ಇಂಡೆಕ್ಸ್‌ಗೆ ತಕ್ಕ ನಿರೀಕ್ಷಿತ ಅಂಕ ಸೇರಿಸಿ, ಹದಿನೆಂಟರ ಅಂಕವನ್ನು ಕೂಡಲೇ ಲೆಕ್ಕ ಹಾಕುತ್ತಾರೆ. ಅಡಿಕೆ ಹರವಿ ತಿರುವಿದ ಮೇಲೆ ಸಂಜೆ ನಾಲ್ಕಕ್ಕೆ ಹೊರಟರೆ ಕತ್ತಲಾಗುವ ಮೊದಲು ಒಂಬತ್ತು ಮುಗಿಯುತ್ತದೆ. ಬೆಳಗಿನ ಹದಿನೆಂಟೇ ಆಡಬೇಕೆಂಬ ಕಟ್ಟು ನಿಮಗಿಲ್ಲ.

ಇಬ್ಬನಿಯ ಬಗ್ಗೆ ನಿಯಮದಲ್ಲಿ ಹಲವರು ತಪ್ಪು ತಿಳಿದಿರುವ ಒಂದೆರಡು ಅಂಶಗಳಿವೆ. ಮಳೆಯ ನಂತರ ತಾತ್ಕಾಲಿಕವಾಗಿ ನಿಂತ ನೀರಿಗೆ ಸಿಗುವ ದಂಡವಿಲ್ಲದ ವಿನಾಯಿತಿ ಇಬ್ಬನಿಗೆ ಸಿಗುವುದಿಲ್ಲ. ಟೀ ಇಡುವ ಜಾಗದಲ್ಲಿ ಇಬ್ಬನಿ ಒರೆಸಬಹುದು. ಆದರೆ ಗ್ರೀನ್ ಮೇಲೆ ನಿಮ್ಮ ಪಟ್‌ನ ದಾರಿಯಲ್ಲಿರುವ ಇಬ್ಬನಿಯನ್ನು ಕೈಯಿಂದಾಗಲಿ ಟವೆಲ್‌ನಿಂದಾಗಲಿ ಒರೆಸಿದರೆ ದಂಡ ಬೀಳುತ್ತದೆ. ಗುರುತು ಇಟ್ಟು ಚೆಂಡನ್ನು ಎತ್ತಿ ಒರೆಸಿಕೊಳ್ಳಲು ಅಡ್ಡಿಯಿಲ್ಲ, ಆದ್ದರಿಂದ ಚೀಲದಲ್ಲಿ ಎರಡು ಒಣ ಟವೆಲ್ ಇಟ್ಟುಕೊಳ್ಳಿ. ನಿಮಗಿಂತ ಮೊದಲು ಪಟ್ ಮಾಡಿದವರ ಚೆಂಡಿನ ಗೆರೆಯನ್ನು ನೋಡಿ ಕಲಿಯುವುದಕ್ಕೆ ಯಾವ ನಿಷೇಧವೂ ಇಲ್ಲ. ಚಳಿಗೆ ಚೆಂಡನ್ನು ಬೇಕೆಂದೇ ಬಿಸಿ ಮಾಡಿ ಆಡುವವರನ್ನು ಕಂಡಿದ್ದೇನೆ. ಅದು ನಿಯಮಕ್ಕೆ ಪೂರ್ತಿ ವಿರುದ್ಧ.

ದೂರದ ಹೊಡೆತ, ಚಿಕ್ಕಮಗಳೂರು:

ಇಲ್ಲಿ ಎಲ್ಲರೂ ಗ್ರೀನ್ ಕಡೆಗೇ ವಾಲಿರುವುದರಿಂದ ನನ್ನ ಭಿನ್ನಾಭಿಪ್ರಾಯವನ್ನು ಗೌರವದಿಂದ ದಾಖಲಿಸುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರು ಅಪಾರ ಸಂಖ್ಯೆಯ ಹೊಡೆತಗಳನ್ನು ಲೆಕ್ಕ ಹಾಕಿ ತೋರಿಸಿದಂತೆ, ಒಳ್ಳೆಯ ಆಟಗಾರರಿಗೂ ಸಾಮಾನ್ಯ ಆಟಗಾರರಿಗೂ ನಡುವಿನ ಅಂತರದ ಸುಮಾರು ಮೂರನೇ ಎರಡು ಭಾಗ ನೂರು ಗಜಕ್ಕಿಂತ ದೂರದ ಹೊಡೆತಗಳಿಂದ ಬರುತ್ತದೆ. ಪಟ್‌ನಿಂದ ಎರಡೋ ಮೂರೋ ಹೊಡೆತ ಉಳಿಸಬಹುದು, ಆಮೇಲೆ ಆ ಬಾವಿ ಬತ್ತುತ್ತದೆ. ಡ್ರೈವರ್‌ನಲ್ಲಿ 150 ಗಜ ಹೋಗುವವರು 330 ಗಜದ ಪಾರ್ ನಾಲ್ಕನ್ನು ಎರಡು ಹೊಡೆತದಲ್ಲಿ ಎಂದೂ ಮುಟ್ಟಲಾರರು.

ಆದರೂ ಹೊಸ ಡ್ರೈವರ್ ಕೊಳ್ಳಿ ಎಂದು ನಾನೂ ಹೇಳುವುದಿಲ್ಲ. ಆ ಇಪ್ಪತ್ತು ಗಜ ಬರಬೇಕಾದದ್ದು ಸ್ವಿಂಗ್‌ನಿಂದ, ಚೆಂಡು ಕ್ಲಬ್ಬಿನ ನಡುವಿಗೆ ತಾಗುವುದರಿಂದ. ಹಣವನ್ನು ಪಾಠಕ್ಕೆ ಹಾಕಿ, ಅದರಲ್ಲೂ ನಾಲ್ಕನ್ನೂ ಒಂದೇ ವಾರದಲ್ಲಿ ಮುಗಿಸದೆ ಮೂರು ವಾರಕ್ಕೊಂದರಂತೆ ತೆಗೆದುಕೊಳ್ಳಿ. ಮೊದಲ ಪಾಠಕ್ಕೆ ಹೋಗುವ ಮೊದಲು, ಚೆಂಡು ಹೋಗುವ ದಿಕ್ಕಿನ ನೇರ ಹಿಂದೆ ಸೊಂಟದ ಎತ್ತರಕ್ಕೆ ಫೋನ್ ಇಟ್ಟು ಹತ್ತು ಸ್ವಿಂಗ್ ಚಿತ್ರಿಸಿಕೊಂಡು ಹೋದರೆ ತರಬೇತುದಾರರ ಅರ್ಧ ಗಂಟೆ ಉಳಿಯುತ್ತದೆ.

ಬೆಳಗಿನ ಆಟದಲ್ಲಿ ಚೆಂಡು ಕಡಿಮೆ ಹೋಗುವುದು ನಿಜ. ಆದರೆ ಚಳಿಯ ಗಾಳಿಯಿಂದ ಆಗುವ ನಷ್ಟ ಜನ ಅಂದುಕೊಳ್ಳುವಷ್ಟಿಲ್ಲ, ಆರು ಡಿಗ್ರಿಯಷ್ಟು ತಂಪಾದರೆ ಸುಮಾರು ಎರಡು ಗಜ. ಹೆಚ್ಚಿನ ನಷ್ಟವಾಗುವುದು ಒದ್ದೆ ಫೇರ್‌ವೇಯಲ್ಲಿ ಚೆಂಡು ಬಿದ್ದಲ್ಲೇ ನಿಲ್ಲುವುದರಿಂದ. ಬೆಳಿಗ್ಗೆ ಏಳನೇ ಐರನ್ ಬದಲು ಆರನೆಯದನ್ನು ತೆಗೆಯಿರಿ.

ಮೂಡಿಗೆರೆ ಕಾಫಿತೋಟ:

ಚಿಕ್ಕಮಗಳೂರಿನವರ ಮಾತು ನಾಲ್ಕು ವರ್ಷದ ಲೆಕ್ಕಕ್ಕೆ ಸರಿ. ನಮ್ಮ ತಂಗಿ ಕೇಳಿದ್ದು ಶಿವರಾತ್ರಿಯವರೆಗಿನ ಲೆಕ್ಕ. ವಾರಕ್ಕೆ ಎರಡು ದಿನ ಬರುವವಳು ಈ ಋತುವಿನ ನಡುವೆ ಸ್ವಿಂಗ್ ಬಿಚ್ಚಿ ಕಟ್ಟಲು ಹೊರಟರೆ, ಹಳೆಯದು ಮರೆತು ಹೊಸದು ಬಾರದೆ ಸುಗ್ಗಿ ಮುಗಿದುಹೋಗುತ್ತದೆ. ಪಾಠ ಬೇಕು, ಒಪ್ಪುತ್ತೇನೆ. ಈಗ ಆ ನಲವತ್ತು ಗಜದ ಹೊಡೆತಕ್ಕೆ ಒಂದು ಪಾಠ ಸಾಕು, ಉಳಿದ ಮೂರನ್ನು ಬೇಸಿಗೆಗೆ ಇಟ್ಟುಕೊಳ್ಳಲಿ.

ಅದಿತಿ ಅಶೋಕ್ ಅವರನ್ನು ನೆನಪಿಸಿಕೊಳ್ಳಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನ ಆ ಹುಡುಗಿ ದೂರ ಹೊಡೆಯುವುದರಲ್ಲಿ ಬಹುಪಾಲು ಎಲ್ಲರಿಗಿಂತ ಹಿಂದಿದ್ದರೂ ಪಟರ್‌ನ ಬಲದಿಂದ ನಾಲ್ಕನೆಯ ಸ್ಥಾನಕ್ಕೆ ಬಂದರು, ಒಂದೇ ಹೊಡೆತದಲ್ಲಿ ಪದಕದ ಆಟ ತಪ್ಪಿತು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ, ಗಾಲ್ಫ್ ಎಂದರೆ ಏನೆಂದು ತಿಳಿಯದ ನನ್ನ ಅತ್ತೆಯವರೂ ಟಿ.ವಿ. ಮುಂದೆ ಕೈ ಮುಗಿದು ಕುಳಿತಿದ್ದರು. ಎರಡು ವರ್ಷದ ನಂತರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಿತಿ ಬೆಳ್ಳಿ ತಂದರು. ಅಲ್ಲಿಗೆ ಹೋದ ಭಾರತದ ಮಹಿಳಾ ತಂಡದ ಮೂವರೂ, ಅದಿತಿ, ಪ್ರಣವಿ ಅರಸ್, ಅವನಿ ಪ್ರಶಾಂತ್, ಕರ್ನಾಟಕದವರೇ. ಹೀಗಿರುವಾಗ ನಮ್ಮ ಮಲೆನಾಡಿನ ಅಂಗಳಗಳಲ್ಲಿ ಭಾನುವಾರ ನೋಡಿದರೂ ಹೆಂಗಸರು ಮೂರೋ ನಾಲ್ಕೋ ಮಂದಿ ಎಂಬುದು ನನಗೆ ಬಹಳ ಬೇಸರ ತರುತ್ತದೆ.

ಫಿಸಿಯೋ, ಸಾಗರ:

ಒಂದೇ ಒಂದು ಮಾತು ಸೇರಿಸುತ್ತೇನೆ. ಅಡಿಕೆ ಕೆಲಸದಲ್ಲಿ ಗಂಟೆಗಟ್ಟಲೆ ಬಗ್ಗಿ, ಕುಕ್ಕರಗಾಲಿನಲ್ಲಿ ಕುಳಿತವರ ಸೊಂಟ ಮತ್ತು ಬೆನ್ನಿನ ಮೇಲ್ಭಾಗ ಬೆಳಗಿನ ಚಳಿಯಲ್ಲಿ ಬಿಗಿದುಕೊಂಡಿರುತ್ತವೆ. ಮೈ ತಿರುಗದಿದ್ದಾಗ ಕೈಗಳು ಆ ಕೆಲಸವನ್ನು ತಾವೇ ಮಾಡಲು ಹೋಗುತ್ತವೆ. ಚೆಂಡಿಗಿಂತ ಮೊದಲು ನೆಲಕ್ಕೆ ಬೀಳುವ ನಿಮ್ಮ ವೆಡ್ಜ್ ಹೊಡೆತಕ್ಕೆ ಒದ್ದೆ ನೆಲದ ಜೊತೆಗೆ ಇದೂ ಒಂದು ಕಾರಣವಿರಬಹುದು. ಕಾರಿನಿಂದ ಇಳಿದವರು ನೇರವಾಗಿ ಡ್ರೈವರ್ ಎತ್ತಬೇಡಿ. ಐದು ನಿಮಿಷ ಬಿರುಸಾಗಿ ನಡೆಯಿರಿ, ಕ್ಲಬ್ಬನ್ನು ಭುಜದ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕಡೆಗೆ ನಿಧಾನವಾಗಿ ಹತ್ತು ಹತ್ತು ಸಲ ತಿರುಗಿ, ಆಮೇಲೆ ವೆಡ್ಜ್‌ನಲ್ಲಿ ಅರ್ಧ ಸ್ವಿಂಗ್ ಹತ್ತು. ದಪ್ಪ ಸ್ವೆಟರ್‌ಗಿಂತ ತೋಳಿಲ್ಲದ ಬೆಚ್ಚನೆಯ ಜಾಕೆಟ್ ಒಳ್ಳೆಯದು. ನೋವು ಕಾಲಿಗೆ ಇಳಿಯುವಂತಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಗಾಜನೂರಿನ ಆಟಗಾರ್ತಿ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ನಡುವೆ ಎರಡನೆಯ ಕೊಯ್ಲು ಬಂತು.

ಮೂಡಿಗೆರೆ ಅಕ್ಕ, ನೀವು ಹೇಳಿದಂತೆ ಬೆಳಿಗ್ಗೆ ಬೇಗ ಹೋಗಿ ಅಭ್ಯಾಸದ ಗ್ರೀನ್ ಮೇಲೆ ಪಟ್ ಮಾಡಿ, ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲ ಎರಡು ಅಡಿಯಲ್ಲಿ ಗೆರೆಯೇ ಇರಲಿಲ್ಲ. ಒಂದು ಚುಕ್ಕೆ, ಒಂದು ಗೇಣು ಖಾಲಿ, ಇನ್ನೊಂದು ಚುಕ್ಕೆ, ಆಮೇಲೆ ಗೆರೆ ಶುರುವಾಗಿತ್ತು. ಮೂರು ವರ್ಷದಿಂದ ನಾನು ಚೆಂಡನ್ನು ಕುಟ್ಟುತ್ತಿದ್ದೆ, ಯಾರೂ ಹೇಳಿರಲಿಲ್ಲ, ನನಗೂ ಕಂಡಿರಲಿಲ್ಲ. ಚೆಂಡನ್ನು ಎಡಗಾಲಿನ ಕಡೆಗೆ ಎರಡು ಬೆರಳಿನಷ್ಟು ಸರಿಸಿ, ಕೈಗಳನ್ನು ಮುಂದಕ್ಕೆ ಒತ್ತುವುದನ್ನು ಬಿಟ್ಟು ಹೊಡೆದಾಗ ಚುಕ್ಕೆಗಳು ಹತ್ತಿರ ಹತ್ತಿರ ಬಂದವು. ನಾಲ್ಕನೆಯ ಬೆಳಿಗ್ಗೆ ಒಂದು ಗೆರೆ ಪಟರ್ ತಾಗಿದ ಜಾಗದಿಂದ ಸ್ವಲ್ಪವೇ ಮುಂದೆ ಆರಂಭವಾಗಿ ರಂಧ್ರದ ಬಲ ಅಂಚಿನವರೆಗೆ ತುಂಡಾಗದೆ ಇತ್ತು. ಬಿಸಿಲು ಬಂದು ಅದು ಅಳಿಸಿಹೋಗುವವರೆಗೂ ಅಲ್ಲೇ ನಿಂತು ನೋಡಿದೆ.

ನಿನ್ನೆಯ ಬೆಳಗಿನ ಸುತ್ತಿನಲ್ಲಿ 102, ಪಟ್ 35. ಸಂಜೆಯ ಒಂಬತ್ತು ಹೋಲ್ ಎರಡು ಸಲ ಆಡಿದೆ, 50 ಮತ್ತು 52. ಗುರಿಯನ್ನು ಈ ವರ್ಷಕ್ಕೆ 27 ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಿದ್ದಿ ಬರೆದಿದ್ದೇನೆ, 25ನ್ನು ಹೊಡೆದುಹಾಕದೆ ಅದರ ಕೆಳಗೆ ಬಿಟ್ಟಿದ್ದೇನೆ. ಡ್ರೈವರ್ ಕೊಳ್ಳಲಿಲ್ಲ. ಚಿಕ್ಕಮಗಳೂರಿನವರೇ, ಫೋನಿನಲ್ಲಿ ಚಿತ್ರಿಸಿಕೊಂಡಿದ್ದೇನೆ, ಶಿವರಾತ್ರಿ ಕಳೆದ ಮೇಲೆ ಅದನ್ನು ಹಿಡಿದುಕೊಂಡೇ ಪಾಠಕ್ಕೆ ಹೋಗುತ್ತೇನೆ.

ನಲವತ್ತು ಗಜದ ಹೊಡೆತಕ್ಕೆ ಒಂದು ಪಾಠವಾಯಿತು. ಒಣ ನೆಲದಲ್ಲಿ ಹತ್ತರಲ್ಲಿ ಏಳು ಚೆಂಡು ಗ್ರೀನ್ ಸೇರುತ್ತಿವೆ, ಒದ್ದೆ ನೆಲದಲ್ಲಿ ನಾಲ್ಕು ಮಾತ್ರ. ನನ್ನ ವೆಡ್ಜ್ 56 ಡಿಗ್ರಿಯದು, ಅದರ ತಳದ ಅಂಚು ಬಹಳ ತೆಳು. ಒದ್ದೆ ನೆಲಕ್ಕೆ ಅಗಲ ತಳದ ವೆಡ್ಜ್ ಬೇಕು ಎಂದು ತರಬೇತುದಾರರು ಹೇಳುತ್ತಾರೆ. ಯಾರಾದರೂ ಮಲೆನಾಡಿನ ಬೆಳಗಿನ ನೆಲದಲ್ಲಿ ಅಂಥದ್ದನ್ನು ಬಳಸಿದ್ದರೆ, ಹಳೆಯದನ್ನು ಒಂದು ವಾರದ ಮಟ್ಟಿಗೆ ಎರವಲು ಕೊಡಲು ಸಾಧ್ಯವಿದ್ದರೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.